ಯಂತ್ರ ಒಪ್ಪದ ಬೆರಳು

ಗಡಿ ದಾಟಿ ಬಂದವರನ್ನು ಹುಡುಕುತ್ತ ಪೊಲೀಸರು ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ರೇಷ್ಮೆ ನೂಲು ಬಿಚ್ಚುವ ಮನೆಗೆ ಬಂದಿದ್ದರು. ಅಲ್ಲಿದ್ದ ಬಂಗಾಳದ ಕೆಲಸಗಾರನೊಬ್ಬನ ಬೆರಳನ್ನು ಆಧಾರ್ ಯಂತ್ರ ಮೂರು ಸಲವೂ ಒಪ್ಪಲಿಲ್ಲ. ನಾಲ್ಕು ಸಲವಿರಬಹುದು, ನನ್ನ ನೆನಪನ್ನು ನಾನೇ ನಂಬುವುದಿಲ್ಲ.

"ಡೂಪ್ಲಿಕೇಟ್ ಕಾರ್ಡು. ಜೀಪು ಹತ್ತಯ್ಯ," ಎಂದ ಪೇದೆ.

ಜೀವನವಿಡೀ ಕುದಿನೀರಿಗೆ ಕೈಹಾಕಿ ರೇಷ್ಮೆಗೂಡುಗಳ ಎಳೆ ಹುಡುಕಿದ್ದ ನಮ್ಮ ಬೀದಿಯ ಅಜ್ಜಿ ಅಲ್ಲೇ ಕೆಲಸ ಬಿಟ್ಟು ಎದ್ದು ಬಂದರು. "ನಂದೂ ಒತ್ತಿಸಿ ನೋಡಪ್ಪ. ನಾನ್ಯಾವ ದೇಶದೋಳು ಅಂತ ಅದೇ ಹೇಳ್ಲಿ."

ಯಂತ್ರ ಅವರನ್ನೂ ಒಪ್ಪಲಿಲ್ಲ.

ಪೇದೆ ಇಬ್ಬರ ಕೈಗಳನ್ನೂ ಬೆಳಕಿಗೆ ಹಿಡಿದು ನೋಡಿದ. ಬೆರಳ ತುದಿಗಳಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ.

"ಕಣ್ಣು ನೋಡೋ ಯಂತ್ರ ತರಿಸ್ತೀನಿ. ಅಲ್ಲೀವರ್ಗೂ ಕೆಲಸ ಮಾಡ್ಕೊ," ಎಂದ ಕೆಲಸಗಾರನಿಗೆ.

ಜೀಪು ಖಾಲಿ ಹೋಯಿತು. ನಾನು ಬೆರಗಾಗಿ ಅಜ್ಜಿಯ ಬೆರಳು ಮುಟ್ಟಿದೆ. ಆ ನುಣುಪು ಮಾತ್ರ ನನಗೆ ಖಚಿತವಾಗಿ ನೆನಪಿದೆ.