ಬೆನ್ನ ಹಿಂದೆ ಬರುತ್ತಿದ್ದ ದನಿ

ನನ್ನ ಗಂಟಲೆಂದರೆ ಬಾಡಿಗೆ ಮನೆ. ಕಂಡಕ್ಟರ್, ಸಾಲಿ ಮಾಸ್ತರ, ನಮ್ಮಪ್ಪ, ನಾನು ಯಾರ ದನಿ ನಕಲಿ ಮಾಡುತ್ತೇನೋ ಅವರೆಲ್ಲ ಬಂದು ಇದ್ದು ಹೋಗುತ್ತಾರೆ. ಮಾಲಕನ ದನಿ ಯಾವುದೆಂದು ಮಾಲಕನಿಗೇ ಗೊತ್ತಿಲ್ಲ. ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರ, ಒಂದು ಮಾಳಿಗೆಯ ಮೇಲೆ ನನ್ನ ರೆಕಾರ್ಡಿಂಗ್ ಕೋಣೆ. ಅಂಗಡಿಗಳ ಜಾಹೀರಾತು ಮಾಡುತ್ತೇನೆ, ಪುರುಸೊತ್ತಾದಾಗ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತೇನೆ.

ಟಿಕೋಟಾದಲ್ಲಿರುವ ಸೋದರಮಾವನ ಮಗ ನನಗಿಂತ ದೊಡ್ಡವನು, ಅವನನ್ನು ನಾನು ಮಾಮಾ ಅನ್ನುತ್ತೇನೆ. ಅವನಿಗೆ ಉಗ್ಗು. ಆದರೆ ನನ್ನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಮೈಕಿನ ಮುಂದೆ ಕೂತರೆ ಮಾತು ಕಾಲುವೆ ನೀರಿನಂತೆ ಹರಿಯುತ್ತಿತ್ತು. ಯಾಕೆಂದು ಯಾರೂ ವಿಚಾರ ಮಾಡಲಿಲ್ಲ. ಬಬಲೇಶ್ವರದಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ತೆರೆಯುತ್ತಿದ್ದವರೊಬ್ಬರು ಅವನ ರೆಕಾರ್ಡಿಂಗ್ ಕೇಳಿ, “ಉದ್ಘಾಟನಾಕ್ಕ ಇವರ ಮಾತಾಡ್ಲಿ. ಛಲೋ ಆತಂದ್ರ ನಮ್ಮ ಎಲ್ಲಾ ಅಂಗಡಿಗೂ ಇವರದ ದನಿ” ಅಂದರು. ಮಾಮಾ ಹೊಸ ಅಂಗಿ ಹೊಲಿಸಿದ.

ಆಗ ನಾನು ಒಂದು ಧ್ವನಿ ಸರ್ವರ್, ಅಂದರೆ ಕಂಪ್ಯೂಟರಿನೊಳಗೆ ಬಂದುಹೋಗುವ ದನಿಗಳನ್ನೆಲ್ಲ ನಡೆಸುವ ಪ್ರೋಗ್ರಾಂ, ಕಟ್ಟುತ್ತಿದ್ದೆ. ಕಂಪ್ಯೂಟರಿನಲ್ಲಿ ಮೈಕು, ಹಾಡು, ವಿಡಿಯೋ ಒಂದೊಂದಕ್ಕೂ ಬೇರೆ ಒಲೆ. ಒಬ್ಬರು ಬಂದರೆ ಇನ್ನೊಬ್ಬರಿಗೆ ಮುನಿಸು. ಎಲ್ಲರನ್ನೂ ಒಬ್ಬ ಯಜಮಾನನ ಕೈಕೆಳಗೆ ತರುವುದು ನನ್ನ ಹಟ. ಇನ್ನೊಂದು ಹಟವೂ ಇತ್ತು. ಆಡಿದ ಮಾತು ಹೆಡ್‌ಫೋನಿಗೆ ಕಣ್ಣು ಮಿಟುಕಿಸುವಷ್ಟು ತಡವಾಗಿ ಬರುತ್ತಿತ್ತು. ನನ್ನ ನಾಲಿಗೆಗೆ ಅದು ತೊಡರು. ಹೆಡ್‌ಫೋನನ್ನು ಒಂದು ಕಿವಿ ಬಿಟ್ಟೇ ಹಾಕಿಕೊಳ್ಳುತ್ತಿದ್ದೆ. ಆ ತಡವನ್ನು ಕೊಂದೆ. ಎಲ್ಲ ದನಿಗೂ ಒಂದೇ ಕಾನೂನು.

ಉದ್ಘಾಟನೆಯ ಹಿಂದಿನ ದಿನ ಹೊಸ ಸರ್ವರಿನ ಪರೀಕ್ಷೆಗೆ ಕೂತ ಮಾಮಾ ಮೊದಲ ಸಾಲಿನಲ್ಲೇ ಎಡವಿದ. “ಲೇ, ಮೊದಲ ನನ್ನ ಬೆನ್ನ ಹಿಂದ ಯಾರರ ನಡಕೋತ ಬಂದಂಗ ಆಗತಿತ್ತು. ಈ… ಈಗ ಒಬ್ಬಾವ ಆಗೇನಿ. ಹಳೇದ ಇರ್ಲಿ.”

ನಾನು ಮಂತ್ರವಾದಿಯ ದನಿ ತೆಗೆದೆ: “ದೆವ್ವಾ ಬಿಡಿಸೇನಿ, ದಕ್ಷಿಣಿ ಇಡು ಮಾಮಾ! ನಿನಗ ನಾಳಿನ ಅಂಜಿಕಿ, ಅಷ್ಟ.”

ಅವನು ನಕ್ಕ. ನನ್ನ ಎಲ್ಲ ಚೇಷ್ಟೆಗೂ ನಗುತ್ತಾನೆ, ಪಾಪ.

ಮರುದಿನ ಬಬಲೇಶ್ವರದಲ್ಲಿ ಮಂದಿ ಕೂಡಿತ್ತು. ನನ್ನ ಕಂಪ್ಯೂಟರು, ಹೆಡ್‌ಫೋನು ಎಲ್ಲ ಅಲ್ಲಿಗೇ ಒಯ್ದಿದ್ದೆ. “ಬ… ಬ… ಬಬ…” ಮಾಮಾನ ಮಾತು ಅಲ್ಲೇ ನಿಂತಿತು. ಎರಡನೇ ಮೈಕು ನನ್ನ ಕೈಯಲ್ಲಿತ್ತು. ಸುಮ್ಮನಿದ್ದರೆ ಸಾಕಿತ್ತು. ಆದರೆ ನನ್ನ ನಾಲಿಗೆ ನನ್ನನ್ನು ಕೇಳಿ ಹೊರಡುವುದಿಲ್ಲ. ಅವನದೇ ದನಿಯಲ್ಲಿ, ಅವನದೇ ಉಗ್ಗಿನಲ್ಲಿ ಸಾಲು ಮುಗಿಸಿದೆ: “ಬ-ಬಬಲೇಶ್ವರದ ಬಂಧುಗಳೇ, ಪೈ-ಪೈ-ಪೈಪ ನೋಡ್ರಿ!” ಸರ್ವರ್ ಕೂದಲೆಳೆಯಷ್ಟೂ ತಡಮಾಡದೆ ಅದನ್ನು ಬೀದಿಗೆ ಮುಟ್ಟಿಸಿತು. ಮಂದಿ ಬಿದ್ದುಬಿದ್ದು ನಕ್ಕರು. ಮಾಮಾ ಹೆಡ್‌ಫೋನ್ ತೆಗೆದು, ಮಲಗಿದ ಕೂಸನ್ನು ಇಳಿಸಿದಂತೆ ಮೇಜಿನ ಮೇಲಿಟ್ಟ. ಅಂಗಡಿಯವರು ನನ್ನ ಬೆನ್ನು ತಟ್ಟಿ, “ಇನ್ನ ಮುಂದ ನೀನ ಮಾತಾಡಪಾ” ಅಂದರು.

ವಾಪಸು ಬರುವಾಗ ಮಾಮಾ ನನ್ನ ಬೈಕಿನ ಹಿಂದೆ ಕೂತಿದ್ದ. ಸಾರವಾಡದಲ್ಲಿ ಟ್ರ್ಯಾಕ್ಟರ್ ಅಡ್ಡ ಬಂದಾಗ ಬೈಕು ನಿಲ್ಲಿಸಿದೆ. ಬೆನ್ನ ಹಿಂದೆ ಅವನ ಉಸಿರಷ್ಟೇ. ಆಗ ಪರೀಕ್ಷೆಗೆ ಕೂತಾಗಿನ ಅವನ ಮಾತು ನೆನಪಾಯಿತು. ನಾನು ಕೊಂದ ತಡವೇ ಅವನಿಗೆ ಜೊತೆಯಾಗಿತ್ತು. ಕಿವಿಗೆ ಹಿಂದಿನಿಂದ ಬರುವ ತನ್ನ ದನಿಯ ಕೈಹಿಡಿದು ಅವನು ಮಾತಾಡುತ್ತಿದ್ದ. ಅವನು ಹೇಳಿಯೂ ಹೇಳಿದ್ದ.

ಸರ್ವರನ್ನು ಬಿಚ್ಚಿ ಮತ್ತೆ ಕಟ್ಟಿದೆ. ಈಗ ಒಂದೊಂದು ದನಿಯೂ ತನಗೆಷ್ಟು ತಡ ಬೇಕೋ ಅಷ್ಟು ಕೇಳಿ ಪಡೆಯಬಹುದು. ಮಾಮಾನನ್ನು ಕಾಡಿಬೇಡಿ ಕರೆಸಿದೆ. ಬಾಗಿಲಲ್ಲೇ ನಿಂತ, ಚಪ್ಪಲಿ ಬಿಡಲಿಲ್ಲ. ತೋರಿಸುವ ಗಡಿಬಿಡಿಯಲ್ಲಿ ಎರಡೂ ಕಿವಿಗೆ ಹೆಡ್‌ಫೋನ್ ಏರಿಸಿ ಮೈಕಿನಲ್ಲಿ ಹೇಳಹೊರಟೆ. ಮಾಮಾನಿಗೆಂದು ಇಟ್ಟಿದ್ದ ತಡದಲ್ಲಿ ಹಿಂದಿನಿಂದ ಬಂದ ನನ್ನ ದನಿ ನನಗೇ ಡಿಕ್ಕಿ ಹೊಡೆದು ನಾಲಿಗೆ ತೊಡರಿತು.

“ಮಾಮಾ, ತ… ತಪ್… ತಪ್ಪಾತು…”

“ಮತ್ತ ನನ್ನ ನಕಲಿ ಮಾಡ್ತಿ ಏನಲೇ?” ಅಂದ. ಒಂದು ಸಲವೂ ತಡವರಿಸಲಿಲ್ಲ.

ಹೆಡ್‌ಫೋನ್ ಕಿತ್ತು, “ಅಲ್ಲ” ಎನ್ನುವಷ್ಟರಲ್ಲಿ ಅವನು ಮೆಟ್ಟಿಲಿಳಿದಿದ್ದ. ಪೈಪಿನ ಅಂಗಡಿಯವರ ಫೋನು ಬರುತ್ತಲೇ ಇದೆ, ಎತ್ತುತ್ತಿಲ್ಲ. ಎತ್ತಿದರೆ ಯಾರ ದನಿಯಲ್ಲಿ ಹಲೋ ಅನ್ನಲಿ?