ಶೀನಣ್ಣನ ನಂಬರಿಗೆ ಬರುವ ಹೆಸರು

ಹಂಗಾರಕಟ್ಟೆಯ ಶೀನಣ್ಣ ಕುಡಿತ ಬಿಟ್ಟು ಆರು ವರ್ಷವಾಗಿದೆ. ಹೊಳೆ ದಾಟಿ ಶಾಲೆಗೆ ಹೋಗುವ ಮಕ್ಕಳ ದೋಣಿ ನಡೆಸಲು ಜನ ಬೇಕೆಂದು ಅವರಿಗೆ ತಿಳಿಯಿತು. ಈ ಕೆಲಸ ಸಿಗದಿದ್ದರೆ ಅವರು ಮತ್ತೆ ಮೀನಿನ ಬೋಟಿಗೇ ಹೋಗಬೇಕು. ಅಲ್ಲಿ ಹಳೆಯ ಗೆಳೆಯರಿದ್ದಾರೆ, ಬಾಟಲಿಯೂ ಇದೆ.

ದೋಣಿಯ ಮಾಲೀಕ ರವಿಚಂದ್ರರಿಗೆ ಫೋನ್ ಮಾಡಲು ಹೊರಟಾಗ ಮಗಳು ಅಕ್ಷಿತಾ ತಡೆದಳು. ನಂಬರ್ ಹಾಕಿದರೆ ಹೆಸರು ತೋರಿಸುವ ಆ್ಯಪ್‌ನಲ್ಲಿ ಅವಳು ಅಪ್ಪನ ನಂಬರ್ ಹಾಕಿ ನೋಡಿದ್ದಳು. ‘ಕುಡ್ಕ ಶೀನ’ ಎಂದು ಬಂದಿತ್ತು. ಹಿಂದೆ ಯಾರೋ ತಮ್ಮ ಮೊಬೈಲಿನಲ್ಲಿ ಹಾಗೆ ಬರೆದುಕೊಂಡಿದ್ದರು. ಆ್ಯಪ್ ಅದನ್ನೇ ಎಲ್ಲರಿಗೂ ತೋರಿಸುತ್ತಿತ್ತು.

“ಹೆಸ್ರ್ ಇಟ್ಟವ ನನ್ನೊಟ್ಟಿಗೇ ಕುಡದವ ಆಗಿರ್ಕ್,” ಎಂದರು ಶೀನಣ್ಣ. ಅಕ್ಷಿತಾ ನಗಲಿಲ್ಲ.

“ರವಿಚಂದ್ರರ ಮೊಬೈಲಂಗೂ ಇದೇ ಬತ್ತ್ ಅಪ್ಪಯ್ಯ. ನನ್ ಫೋನಂಗೆ ಮಾಡಿ.”

“ನಾಳೆ ಅವ್ರಿಗ್ ಗೊತ್ತಾರೆ? ಹೆಸ್ರ್ ಅಡ್ಗ್ಸಿ ಬಂದ ಅಂತ್ರ್.”

ಅವರು ತಮ್ಮ ಫೋನಿನಿಂದಲೇ ಕರೆ ಮಾಡಿದರು. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದಾಗ ರವಿಚಂದ್ರ ಎತ್ತಿದರು.

“ಹ್ವಾಯ್, ನಾನ್ ಶೀನ, ದೋಣಿ ಕೆಲ್ಸಕ್ಕೆ ಫೋನ್ ಮಾಡದ್ದ್. ನಿಮ್ಮ್ ಮೊಬೈಲಂಗೆ ಕುಡ್ಕ ಅಂದ್ಹೇಳಿ ಬಂತಲೆ? ಅದ್ ಸುಳ್ಳಲ್ಲ. ಆದ್ರೆ ಬಿಟ್ಟ್ ಆರ್ ವರ್ಷ ಆಯ್ತ್.”

ಅಕ್ಷಿತಾ ಫೋನಿನ ಹತ್ತಿರ ಕಿವಿ ತಂದಳು.

“ಬಂತ್. ಅದ್ಕೇ ಮೊದ್ಲ್ ಎತ್ಲಿಲ್ಲ ಮಾರಾಯ್ರೆ,” ಎಂದರು ರವಿಚಂದ್ರ. “ನಾಳೆ ಬೆಳಿಗ್ಗೆ ಬನ್ನಿ. ಮಕ್ಳ್ ಹತ್ತೂಕ್ ಮುಂಚೆ ನಾನೊಬ್ನೇ ದೋಣಿಯಂಗೆ ಕೂಕಂಡ್ ನೀವ್ ಹ್ಯಾಂಗ್ ನಡ್ಸ್ತ್ರಿ ಅಂದ್ ಕಾಂತೆ.”