ಸೋಮವಾರದ ನಾಲ್ಕು ಡಿಗ್ರಿ

ಆ ಮಂಗಳವಾರ ಬೆಳಿಗ್ಗೆ ಮಾಡಿದ ಕೆಲಸ ಇಷ್ಟು: ಹೋಟೆಲಿನ ಮುಂದೆ ನೀರು ಹಾಕಿ ರಂಗೋಲಿ ಎಳೆದೆ. ಒಲೆಗೆ ವಿಭೂತಿ ಇಟ್ಟು ಗ್ಯಾಸ್ ಹಚ್ಚಿದೆ. ಹಾಲು ಕಾಯಿಸಿದೆ. ಉಪ್ಪಿಟ್ಟಿಗೆ ರವೆ ಹುರಿದೆ, ಈರುಳ್ಳಿ ಹೆಚ್ಚಿದೆ, ಚಿತ್ರಾನ್ನಕ್ಕೆ ಅನ್ನ ಆರಹಾಕಿದೆ. ಬುಧವಾರದ ಇಡ್ಲಿಗೆ ಅಕ್ಕಿ, ಉದ್ದಿನಬೇಳೆ ಬೇರೆಬೇರೆ ಪಾತ್ರೆಯಲ್ಲಿ ನೆನೆಹಾಕಿದೆ. ಅತ್ತೆಗೆ ಮಾತ್ರೆ ಕೊಟ್ಟೆ. ಕುಡಿಯುವ ನೀರಿನ ಡ್ರಮ್ಮು ಉಜ್ಜಿ ಬೋರಲು ಹಾಕಿದೆ. ಫ್ರಿಡ್ಜಿನ ಬಾಗಿಲು ತೆಗೆದು, ಒಳಗೆ ನೇತುಹಾಕಿರುವ ಥರ್ಮಾಮೀಟರ್ ನೋಡಿ, "ಆರು" ಎಂದು ಕೂಗಿದೆ. ಗಲ್ಲಾದಲ್ಲಿ ಕೂತಿದ್ದ ನನ್ನ ಯಜಮಾನರು ಮೊಬೈಲಿನಿಂದ ತಲೆ ಎತ್ತದೆ, "ಹೂಂ, ಹಾಕ್ದೆ" ಎಂದರು.

ಈ "ಹೂಂ, ಹಾಕ್ದೆ" ಎಂಬ ಮಾತನ್ನು ಅಷ್ಟು ದಿನವೂ ಬೆಳಿಗ್ಗೆ, ಮಧ್ಯಾಹ್ನ ಕೇಳಿಸಿಕೊಂಡಿದ್ದೆ. ಕೇಳಿ ನಂಬಿದ್ದೆ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ನಮ್ಮದು ಅಜ್ಜಂಪುರದಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯ ಸಣ್ಣ ಹೋಟೆಲು. ಮುಂದೆ ಹೋಟೆಲು, ಹಿಂದೆ ಮನೆ. ಅದನ್ನು ಹಾಕಿದವರು ಮಾವನವರು. ಅವರು ಹೊಲದಿಂದ ಬಂದವರು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಮಾವನವರು ಹೋಟೆಲು ಹಾಕಿದ ಮೇಲೆ, ರುಬ್ಬುವ ಕಲ್ಲೂ ಒಂದು ಎತ್ತೇ ಎಂದು ತೀರ್ಮಾನ ಮಾಡಿಬಿಟ್ಟರು. ಸೋಮವಾರ ಕಲ್ಲು ತಿರುಗಬಾರದು, ಒಲೆ ಉರಿಯಬಾರದು. ಈಗ ಕಲ್ಲು ಹೋಗಿ ಕರೆಂಟಿನ ಗ್ರೈಂಡರ್ ಬಂದಿದೆ, ಮಾವನವರು ಇಲ್ಲ, ನಿಯಮ ಮಾತ್ರ ಹಾಗೇ ಇದೆ. ಸೋಮವಾರ ರುಬ್ಬುವುದಿಲ್ಲವಾದ್ದರಿಂದ ಮಂಗಳವಾರ ನಮ್ಮಲ್ಲಿ ಇಡ್ಲಿ, ದೋಸೆ ಇರುವುದಿಲ್ಲ. ಊರಿಗೆಲ್ಲ ಗೊತ್ತಿರುವ ಸಂಗತಿ. ಸೋಮವಾರ ನಾನು ಫ್ರಿಡ್ಜಿನ ಪ್ಲಗ್ ಕಿತ್ತು, ಒಳಗೆಲ್ಲ ಸೋಡಾಪುಡಿ ನೀರಿನಲ್ಲಿ ಒರೆಸಿ, ಸಂಜೆಯತನಕ ಬಾಗಿಲು ತೆಗೆದೇ ಬಿಡುತ್ತೇನೆ.

ಹಿಂದಿನ ವರ್ಷ ಲೈಸೆನ್ಸ್ ಮಾಡಿಸಲು ಯಜಮಾನರು ಕಡೂರಿಗೆ ಹೋದಾಗ, ಅಲ್ಲಿನ ಕಂಪ್ಯೂಟರ್ ಅಂಗಡಿಯವನು ಅವರ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಫ್ರಿಡ್ಜು ಎಷ್ಟು ಡಿಗ್ರಿ, ಎಣ್ಣೆ ಬದಲಾಯಿಸಿದಿರಾ, ಹಿಟ್ಟು ಯಾವಾಗ ರುಬ್ಬಿದಿರಿ, ನೀರಿನ ಡ್ರಮ್ಮು ತೊಳೆದಿರಾ ಎಂದು ದಿನವೂ ಅದರಲ್ಲಿ ತುಂಬಬೇಕು. ತುಂಬಿದ ದಿನ ಹಸಿರು, ತುಂಬದ ದಿನ ಕೆಂಪು. "ನನ್ನ ಫೋನಿಗೇ ಹಾಕಿಸಿ, ನಾನೇ ತುಂಬ್ತೀನಿ" ಎಂದಿದ್ದೆ. "ನಿಂಗ್ಯಾಕೆ ಆ ತಲೆನೋವು? ನೀನು ಒಳಗಿಂದ ಹೇಳು, ನಾನು ಹಾಕ್ತೀನಿ" ಎಂದಿದ್ದರು. ಎಷ್ಟು ಪ್ರೀತಿಯ ಮಾತು ನೋಡಿ.

ಆ ಮಂಗಳವಾರಕ್ಕೆ ನಮ್ಮ ಲೈಸೆನ್ಸಿನ ಅವಧಿ ಮುಗಿಯುತ್ತಿತ್ತು. ಆಹಾರ ಸುರಕ್ಷತೆ ಅಧಿಕಾರಿ ಬಂದು ನೋಡಿ ಒಪ್ಪಿದರೆ ಬುಧವಾರವೂ ಒಲೆ ಹಚ್ಚಬಹುದು, ಒಪ್ಪದಿದ್ದರೆ ಇಲ್ಲ. ವಿಷಯ ಅಷ್ಟೇ. ಈ ಒಲೆ ಬಿಟ್ಟರೆ ನಮಗೆ ಬೇರೆ ಗತಿ ಇಲ್ಲ.

ಬೆಳಗಿನ ತಿಂಡಿ ಗದ್ದಲ ಮುಗಿಯುವ ಹೊತ್ತಿಗೆ ತರೀಕೆರೆ ಕಡೆಯಿಂದ ಜೀಪು ಬಂತು. ಅಧಿಕಾರಿಗೆ ಸುಮಾರು ನನ್ನ ವಯಸ್ಸೇ. ಬಿಸಿಲಿಗೆ ಬಸವಳಿದಿದ್ದರು. ಕಾಫಿ ಎಂದರೆ ಬೇಡ ಎಂದರು. ಯಜಮಾನರು ಹೆಗಲ ಮೇಲಿನ ಟವೆಲಿನಿಂದ ಮೊಬೈಲನ್ನು ಒರೆಸಿ, ಮದುವೆ ಮನೆಯಲ್ಲಿ ತಾಂಬೂಲ ಕೊಡುವವರ ಹಾಗೆ ಎರಡೂ ಕೈಯಲ್ಲಿ ಕೊಟ್ಟರು.

"ನಮ್ದೆಲ್ಲಾ ಡಿಜಿಟಲ್ ಸಾರ್. ಒಂದು ದಿನಾನೂ ತಪ್ಪಿಲ್ಲ, ನೋಡಿ. ಪೂರ್ತಿ ಹಸಿರು."

"ಪೂರ್ತಿ ಹಸಿರೇ" ಎಂದರು ಅಧಿಕಾರಿ, ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಾ. "ಇಷ್ಟು ಚೆನ್ನಾಗಿ ಯಾರೂ ಇಡಲ್ಲ."

ಯಜಮಾನರ ಎದೆ ಉಬ್ಬಿತು. ನಿಜ ಹೇಳಬೇಕೆಂದರೆ ನನ್ನದೂ ಉಬ್ಬಿತು. ಬೆಳಿಗ್ಗೆ ಎದ್ದು ನೋಡಿದವಳು ನಾನು, ಕೂಗಿದವಳು ನಾನು. ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತೆ.

ಅಧಿಕಾರಿ ಒಳಗೆ ಬಂದರು. ಬಚ್ಚಲು ನೋಡಿದರು, ಎಣ್ಣೆ ನೋಡಿದರು, ಪಾತ್ರೆ ಒರೆಸುವ ಬಟ್ಟೆ ಮುಟ್ಟಿ ನೋಡಿದರು. ಫ್ರಿಡ್ಜು ತೆಗೆದು, "ಆರು ಇದೆ. ಇಲ್ಲಿ ನಾಲ್ಕು ಅಂತಿದೆಯಲ್ಲ?" ಎಂದರು.

"ಅದು ಬೆಳಿಗ್ಗೇದು ಸಾರ್. ಆಮೇಲೆ ಬಾಗ್ಲು ತೆಗೆದೂ ಹಾಕೀ ಮಾಡಿದೀವಲ್ಲ" ಎಂದರು ಯಜಮಾನರು, ನನ್ನ ಕಡೆ ನೋಡದೆ.

ಬೆಳಿಗ್ಗೆ ನಾನು ಕೂಗಿದ್ದೇ ಆರು. ಕಾಲಿಗೆ ಸಣ್ಣ ಮುಳ್ಳು ಚುಚ್ಚಿದ ಹಾಗಾಯಿತು. ಅಷ್ಟರಲ್ಲಿ ಅಧಿಕಾರಿ, "ಇಡ್ಲಿ ಹಿಟ್ಟು ಎಲ್ಲಿಟ್ಟಿದೀರಮ್ಮ?" ಎಂದರು.

"ಇವತ್ತು ಹಿಟ್ಟಿಲ್ಲ ಸಾರ್. ಸೋಮವಾರ ನಾವು ರುಬ್ಬಲ್ಲ."

ಮೂಲೆಯ ಮೇಜಿನಲ್ಲಿ ಈರುಳ್ಳಿ ಮಂಡಿಯವರೊಬ್ಬರು ಉಪ್ಪಿಟ್ಟು ತಿನ್ನುತ್ತಿದ್ದರು, ನಮ್ಮ ಹಳೆಯ ಗಿರಾಕಿ. ಅವರು ಅಲ್ಲಿಂದಲೇ, "ಮಂಗಳವಾರ ಇಲ್ಲಿ ಇಡ್ಲಿ ಕೇಳ್ದ ಅಂದ್ರೆ ಅವನು ಪರಸ್ಥಳದೋನು ಅಂತ ಲೆಕ್ಕ ಸಾರ್" ಎಂದು ನಕ್ಕರು.

ಅಧಿಕಾರಿ ನಗಲಿಲ್ಲ. ಮತ್ತೆ ಮೊಬೈಲ್ ನೋಡಿದರು.

"ನಿನ್ನೆ ಸೋಮವಾರ. ಸಂಜೆ ಹಿಟ್ಟು ರುಬ್ಬಿದ್ದು, ಹೌದು. ಎಣ್ಣೆ ಬದಲಾಯಿಸಿದ್ದು, ಹೌದು. ಫ್ರಿಡ್ಜು ನಾಲ್ಕು ಡಿಗ್ರಿ. ಇದೇನಮ್ಮ?"

"ನಿನ್ನೆ ಫ್ರಿಡ್ಜಿಗೆ ಪ್ಲಗ್ಗೇ ಹಾಕಿರಲಿಲ್ಲವಲ್ಲ ಸಾರ್" ಎಂದೆ. ಬಾಯಿಂದ ಬಂದುಬಿಟ್ಟಿತು. ಹೇಳಿದ ಮೇಲೆ ಯಜಮಾನರ ಮುಖ ನೋಡಿದೆ. ಒಲೆಯ ಮೇಲೆ ಮರೆತ ಹಾಲಿನ ಹಾಗೆ ಆಗಿತ್ತು ಅದು.

ಅಧಿಕಾರಿ ಹಿಂದಿನ ಸೋಮವಾರಕ್ಕೆ ಹೋದರು, ಅದರ ಹಿಂದಿನದಕ್ಕೆ ಹೋದರು. ಎಲ್ಲ ಸೋಮವಾರವೂ ರುಬ್ಬಿದ್ದೇವೆ, ಕರಿದಿದ್ದೇವೆ, ತೊಳೆದಿದ್ದೇವೆ. ಬಾಗಿಲು ಹಾರುಹೊಡೆದು ನಿಂತ ಖಾಲಿ ಫ್ರಿಡ್ಜಿಗೆ ನಾಲ್ಕು ಡಿಗ್ರಿ. ಹೊರಗೆ ಗೋಡೆಯ ಮೇಲೆ ಮಾವನವರು ಬರೆಸಿದ "ಸೋಮವಾರ ರಜೆ" ಎಂಬ ಅಕ್ಷರ ಒಂದೊಂದೂ ಕುಂಬಳಕಾಯಿಯಷ್ಟು ದಪ್ಪ.

ಆಗ ಯಜಮಾನರು ಇನ್ನೊಂದು ಹೇಳಿದರು. "ಸೋಮವಾರ ಪಾರ್ಸೆಲ್ ಮಾತ್ರ ಸಾರ್. ಹಿಂಬಾಗ್ಲಲ್ಲಿ ಕೊಡ್ತೀವಿ. ಅದ್ಕೇ ತುಂಬಿರೋದು. ಇವ್ಳಿಗೆ ಅದು ಲೆಕ್ಕಕ್ಕಿಲ್ಲ."

"ಪಾರ್ಸೆಲ್ ಇದ್ರೆ ಸರಿ, ನಂಗೇನೂ ತಕರಾರಿಲ್ಲ" ಎಂದು ಅಧಿಕಾರಿ ನನ್ನ ಕಡೆ ತಿರುಗಿದರು. "ಹೌದೇನಮ್ಮ?"

ಯಜಮಾನರು ಅವರ ಬೆನ್ನ ಹಿಂದಿನಿಂದ ನನಗೆ ಕಣ್ಸನ್ನೆ ಮಾಡಿದರು. ಹೂಂ ಎಂದರೆ ಬುಧವಾರ ಒಲೆ ಉರಿಯುತ್ತದೆ, ನನಗೆ ಗೊತ್ತಿತ್ತು. ಆದರೆ ಹಾಗೆ ಅಂದರೆ, ತಿಂಗಳುಗಟ್ಟಲೆ ನಾನು ಕೂಗಿದ್ದೆಲ್ಲ ಗಾಳಿಗೆ ಹೋಯಿತು ಎಂಬುದಕ್ಕೆ ನಾನೇ ಹೆಬ್ಬೆಟ್ಟು ಒತ್ತಿದ ಹಾಗೆ. ಮನೆಯ ಬಾಗಿಲಲ್ಲಿ ಕೋಲೂರಿಕೊಂಡು ಅತ್ತೆ ಬೇರೆ ಬಂದು ನಿಂತಿದ್ದರು. ಗಂಡ ಇದ್ದಾಗಲೂ ಹೋದ ಮೇಲೂ ಒಂದು ಸೋಮವಾರ ಒಲೆ ಮುಟ್ಟದ ಹೆಂಗಸು. ಅವರೆದುರು ಹೇಗೆ ಹೇಳಲಿ?

"ಇಲ್ಲ ಸಾರ್. ಸೋಮವಾರ ಪಾರ್ಸೆಲೂ ಇಲ್ಲ, ಕಾಫಿನೂ ಇಲ್ಲ. ಒಲೆ ಹಚ್ಚಲ್ಲ ನಾವು."

"ಏನೇ ನೀನು..." ಎಂದರು ಯಜಮಾನರು.

"ಸೋಮವಾರ ಪಾರ್ಸೆಲ್ಲಾ?" ಎಂದರು ಅತ್ತೆ. "ಯಾರ್ ಮನೇಲೋ ಅದು?"

ಅಧಿಕಾರಿ ಕೂತುಕೊಂಡರು. ಜೋರು ಮಾಡಲಿಲ್ಲ. ಮಾಡಿದ್ದರೆ ನಾನೂ ಜೋರು ಮಾಡಿ ಹಗುರಾಗುತ್ತಿದ್ದೆ.

"ನೋಡಮ್ಮಾ, ಸೋಮವಾರದ ನಾಲ್ಕು ಡಿಗ್ರಿ ಸುಳ್ಳು ಅಂದ್ರಿ. ಮಂಗಳವಾರದ ನಾಲ್ಕು ಡಿಗ್ರಿ ನಿಜ ಅಂತ ನಾನು ಹ್ಯಾಗೆ ನಂಬಲಿ?"

"ಅಡುಗೆಮನೆ ನೋಡಿದ್ರಲ್ಲ ಸಾರ್. ಎಲ್ಲಾದ್ರೂ ಒಂದು ಕಡೆ ವಾಸನೆ ಬಂತಾ?"

"ಇಲ್ಲ. ಚೆನ್ನಾಗಿಟ್ಟಿದೀರಿ. ಆದ್ರೆ ಮೂಸಿ ನೋಡಿದ್ದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲವಲ್ಲ."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಾ ನಿಂತೆ, ಒಣಗಿದ ಬಟ್ಟೆ ಅದು.

ಅವರು ನೋಟಿಸ್ ಬರೆದರು. ಹೋಟೆಲು ಮುಚ್ಚಿದ್ದರೂ ಇನ್ನೊಂದು ವಾರ ಫ್ರಿಡ್ಜು, ನೀರಿನ ದಾಖಲೆಯನ್ನು ಇದ್ದದ್ದು ಇದ್ದ ಹಾಗೆ ತುಂಬಬೇಕು, ರಜೆಯ ದಿನ ಕೆಂಪು ಬಂದರೆ ಬರಲಿ, ಮತ್ತೆ ಬಂದು ನೋಡಿ ನವೀಕರಣ. ಅಲ್ಲಿಯವರೆಗೆ ವ್ಯಾಪಾರ ಇಲ್ಲ. ನಮ್ಮಿಂದಲೂ ಒಂದು ಹೇಳಿಕೆ ಬೇಕೆಂದರು. ಬರೆಯಲು ನಾನೇ ಕೂತೆ.

ಯಜಮಾನರು ಬಗ್ಗಿ, "ಕಣ್ತಪ್ಪಿಂದ ಆಗಿದೆ ಅಂತ ಬರಿ ಕಣೇ" ಎಂದು ಪಿಸುಗುಟ್ಟಿದರು.

"ಎಲ್ಲಾ ಸೋಮವಾರನೂ ಕಣ್ಣು ತಪ್ಪುತ್ತೇನ್ರೀ?" ಎಂದು ಗಟ್ಟಿಯಾಗೇ ಕೇಳಿದೆ. ಮಂಡಿಯವರಿಗೆ ಉಪ್ಪಿಟ್ಟು ನೆತ್ತಿಗೆ ಹತ್ತಿತು. ನೀರು ಕೊಟ್ಟು ಬಂದು, ಸೋಮವಾರ ನಮ್ಮಲ್ಲಿ ಅಡುಗೆ ಇರುವುದಿಲ್ಲ, ಆ ದಿನ ತುಂಬಿದ್ದೆಲ್ಲ ಸುಳ್ಳು ಎಂದು ಬರೆದು ಸಹಿ ಹಾಕಿದೆ.

ಜೀಪು ಹೋಯಿತು. ಮಂಡಿಯವರು ಕೈ ತೊಳೆದು, "ನಾಳೆ ಎಲ್ಲಿಗೆ ಹೋಗೋದಕ್ಕಾ ನಾನು?" ಎಂದು ಪೆಚ್ಚಾಗಿ ಹೊರಟರು. ಯಜಮಾನರು ಗಲ್ಲಾದಿಂದ ಎದ್ದು ಒಳಗೆ ಬಂದರು.

"ಹೂಂ ಅಂದಿದ್ರೆ ನಿನ್ ಗಂಟೇನ್ ಹೋಗ್ತಿತ್ತು? ಕೈಯಾರೆ ಬಾಗ್ಲು ಹಾಕ್ಸಿದೆ."

"ನಾನಾ ಹಾಕ್ಸಿದ್ದು?"

"ಕೆಂಪು ಬಿಡಬೇಡಿ, ಮೇಲಿನೋರಿಗೆ ಕಾಣುತ್ತೆ ಅಂತ ಕಡೂರಿನೋನು ಹೇಳಿದ್ದ ಕಣೇ. ಸೋಮವಾರ ರಜೆ ಅಂತ ಹಾಕೋಕೆ ಅದ್ರಲ್ಲಿ ಜಾಗ ಇಲ್ಲ. ಏನ್ ಮಾಡ್ಲಿ?"

"ಸೋಮವಾರದ್ದು ಬಿಡ್ರಿ. ಬೇಸಿಗೇಲಿ ರಾತ್ರಿಯೆಲ್ಲ ಕರೆಂಟ್ ಹೋಗಿತ್ತಲ್ಲ, ಬೆಳಿಗ್ಗೆ ನಾನು ಹದಿನಾರು ಅಂತ ಕೂಗಿದ್ನಲ್ಲ. ಆವತ್ತು ಏನ್ ಹಾಕಿದ್ರಿ?"

ಅವರು ಮೊಬೈಲನ್ನು ಜೇಬಿಗೆ ಹಾಕಲು ಹೋದರು. ಮೊಬೈಲ್ ಕಿತ್ತುಕೊಂಡೆ. ದಾರಿ ಗೊತ್ತಿಲ್ಲದಿದ್ದರೂ ಒತ್ತಿ ಒತ್ತಿ ಆ ದಿನಕ್ಕೆ ಹೋದೆ. ನಾಲ್ಕು. ಹಸಿರು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಪಾತ್ರೆ ತುಂಬ ಮೊಸರು, ಹಿಂದಿನ ಸಂಜೆ ತುರಿದಿಟ್ಟ ಕಾಯಿ, ಎರಡನ್ನೂ ಹಿತ್ತಿಲ ಗುಂಡಿಗೆ ಸುರಿದಿದ್ದೆ. "ಮಜ್ಜಿಗೆಹುಳಿ ಮಾಡಿದ್ರೆ ಯಾರಿಗ್ ಗೊತ್ತಾಗ್ತಿತ್ತವ್ವಾ?" ಎಂದು ಅತ್ತೆ ಬೈದಿದ್ದರು. ನನಗೆ ಗೊತ್ತಾಗುತ್ತಿತ್ತು. ಚಟ್ನಿ ಇಲ್ಲದೆ ಇಡ್ಲಿ ಕೊಟ್ಟು ಗಿರಾಕಿಗಳ ಕೈಲೂ ಅನ್ನಿಸಿಕೊಂಡೆ. ಆ ಬೆಳಗು ಪೂರ್ತಿ ಇಲ್ಲಿ ಇಲ್ಲವೇ ಇಲ್ಲ. ಹದಿನಾರು ಇಲ್ಲ, ಚೆಲ್ಲಿದ್ದು ಇಲ್ಲ, ಬೈಸಿಕೊಂಡದ್ದು ಇಲ್ಲ. ಐದು ಎಂದ ದಿನ, ಏಳು ಎಂದ ದಿನ, ಜ್ವರ ಬಂದರೂ ಎದ್ದು ನೋಡಿ ಕೂಗಿದ ದಿನ, ಎಲ್ಲಕ್ಕೂ ನಾಲ್ಕು. ನಾನು ಒಳಗೆ ಒದ್ದಾಡಿದ್ದನ್ನೆಲ್ಲ ಈ ಮನುಷ್ಯ ಕೂತಲ್ಲೇ ಒಂದು ಬೆರಳಿನಲ್ಲಿ ಸಾರಿಸಿ ಗುಡಿಸಿಬಿಟ್ಟಿದ್ದರು. ಕದ್ದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ನಾನು ಕೂಗ್ತಿದ್ದದ್ದು ಯಾರಿಗ್ರೀ? ಗೋಡೆಗಾ?"

"ಎಲ್ಲಾ ಹೋಟ್ಲೋರೂ ಹಂಗೇ ಮಾಡೋದು..."

"ಎಲ್ಲಾ ಹೋಟ್ಲಲ್ಲೂ ನಾನಿಲ್ಲ."

ಮುಂದಿನ ವಾರ ಆ ಅಧಿಕಾರಿ ಬಂದರು, ನೋಡಿದರು, ಒಪ್ಪಿದರು, ಒಲೆ ಮತ್ತೆ ಉರಿಯಿತು. ಅದೆಲ್ಲ ಆದದ್ದು ನಿಜ. ಆದರೆ ಆ ವಾರವೆಲ್ಲ ಬಾಗಿಲು ಎಳೆದ ಹೋಟೆಲಿನ ಮುಂದೆ ನಿಂತು ಹೋದವರು, "ಏನಂತೆ, ಊಟದಲ್ಲಿ ಹುಳ ಸಿಕ್ತಂತಾ?" ಎಂದು ಕೇಳಿದ್ದೂ ನಿಜ. ಅದಕ್ಕೆ ಉತ್ತರ ಕೊಟ್ಟವಳು ನಾನು. ಯಜಮಾನರು ಆಗೆಲ್ಲ ಕಡೂರಿಗೆ ಕೆಲಸವಿದೆ ಎಂದು ಬಸ್ಸು ಹತ್ತುತ್ತಿದ್ದರು.

ಆ ಮಂಗಳವಾರ ಸಂಜೆ "ಸೋಮವಾರ ರಜೆ"ಯ ಕೆಳಗೆ ಸೀಮೆಸುಣ್ಣದಲ್ಲಿ "ನಾಳೆಯಿಂದ ಒಂದು ವಾರವೂ" ಎಂದು ಬರೆದೆ. ಒಳಗೆ ಬಂದರೆ ಬೆಳಿಗ್ಗೆ ನೆನೆಹಾಕಿದ್ದ ಅಕ್ಕಿ, ಬೇಳೆ ಕಾಯುತ್ತಾ ಕೂತಿದ್ದವು. ನೆನೆದದ್ದನ್ನು ಬಿಸಾಡುವ ಹಾಗಿಲ್ಲ. ನೀರು ಬಸಿದು, ಅಕ್ಕಪಕ್ಕದ ಮನೆಯವರಿಗೆ ಬೋಗುಣಿಯಲ್ಲಿ ಹಂಚಿ, ಉಳಿದದ್ದನ್ನು ಮನೆಗಾಗುವಷ್ಟು ರುಬ್ಬಿದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು.

"ನಾಳೆ ಬುಧವಾರ ಒಲೆ ಹಚ್ಚಲ್ವೇನವ್ವಾ?"

"ಮನೆ ಒಲೆ ಹಚ್ತೀನಿ ಅತ್ತೆ."

"ಅವ್ನಿಗೆ ಮೊದ್ಲಿಂದ್ಲೂ ಹಂಗೇ. ಶಾಲೇಲೂ ಮಗ್ಗಿ ಪಕ್ಕದೋನ್ ಹತ್ರ ನೋಡ್ಕಂಡೇ ಬರೀತಿದ್ದ" ಎಂದರು ಅತ್ತೆ. ನಗು ಬರಬೇಕಿತ್ತು, ಬರಲಿಲ್ಲ.

ಮೊಬೈಲನ್ನು ನಾನು ವಾಪಸು ಕೊಟ್ಟಿರಲಿಲ್ಲ. ಆ ಮಂಗಳವಾರದ ನಾಲ್ಕನ್ನು ಅಳಿಸಿ ಆರು ಮಾಡೋಣವೆಂದು ಒತ್ತಿದೆ. ಇಂದಿನ ದಾಖಲೆ ಮುಗಿದಿದೆ ಎಂದಿತು. ಸರಿ ಎಂದು ಸಾಸಿವೆ ಡಬ್ಬದ ಪಕ್ಕ ಇಟ್ಟೆ. ಅವತ್ತಿನಿಂದ ಅದರ ಜಾಗ ಅದೇ. ಫೋನು ಬಂದರೆ ಯಜಮಾನರೇ ಒಳಗೆ ಬಂದು ಮಾತಾಡಿ ಹೋಗಬೇಕು.

ರಾತ್ರಿ ಊಟಕ್ಕೆ ಹುಳಿ ಬಾರದ ಹಿಟ್ಟಿನ ದೋಸೆ, ಈರುಳ್ಳಿ ಚಟ್ನಿ. ದೋಸೆ ಬೆಳ್ಳಗೆ, ಮಂಕಾಗಿ ಎದ್ದಿತು, ಮೇಲೆ ತೂತಿನ ಒಂದು ಕಣ್ಣೂ ಬೀಳಲಿಲ್ಲ. ಅತ್ತೆ ಒಂದನ್ನು ಹಾಲಿನಲ್ಲಿ ನೆನೆಸಿಕೊಂಡು ತಿಂದರು. ಯಜಮಾನರು ತಲೆ ಬಗ್ಗಿಸಿಕೊಂಡು ತಿಂದರು, ಇನ್ನೊಂದು ಬೇಕೆಂದು ಬಾಯಿಬಿಟ್ಟು ಕೇಳದೆ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು, ಹಾಕಿದೆ. ನಾನು ಕೊನೆಯ ತುಂಡನ್ನು ಒಲೆಯ ಹತ್ತಿರ ನಿಂತೇ ತಿಂದೆ. ಅತ್ತೆ ಹಾಸಿಗೆಯಲ್ಲಿ ಬಹಳ ಹೊತ್ತು ಮಗ್ಗುಲು ಬದಲಾಯಿಸುತ್ತಿದ್ದರು. ಮೊದಲು ನಿದ್ದೆ ಹೋದವರು ಅವರ ಮಗ.